ಹೊಗೆ ಸೋರುವ ಸೂರು

ಡಾರ್ಕಸ್ ಪ್ರೋಬರ್ಟ್‌ಗೆ ಹೇಕೋಟ್ ದೊಡ್ಡಮನೆಯಿಂದ ಒಂದು ಸೂರು ಬರಬೇಕು. ಅವಳು ಸತ್ತು ಮಣ್ಣಾಗಿ ಎಷ್ಟೋ ಕಾಲವಾಯಿತು. ಕೊಡಬೇಕಾದವರೂ ಮಣ್ಣಾದರು, ಅವರ ಗೋರಿಯ ಮೇಲೆ ಅಮೃತಶಿಲೆಯ ದೇವದೂತರು ಕೂತು ಅಳುತ್ತಿದ್ದಾರೆ. ಬಾಕಿ ಮಾತ್ರ ಹಾಗೇ ಇದೆ.

ಕರಾರು ಸರಳವಾಗಿತ್ತು. ದೊಡ್ಡಮನೆಯ ಚಾದರ, ಮೇಜಿನ ಬಟ್ಟೆ, ಒಳಅಂಗಿ ಎಲ್ಲವನ್ನೂ ಹಳ್ಳದ ಪಕ್ಕದ ಮನೆಯ ಹೆಂಗಸು ಒಗೆದು, ಒಣಗಿಸಿ, ಇಸ್ತ್ರಿ ಮಾಡಿ ಕೊಡಬೇಕು. ಅದಕ್ಕೆ ಕೂಲಿಯೆಂದರೆ ಆ ಮನೆಯೇ. ಗೋಡೆಯ ಸುಣ್ಣ ಅವಳ ಪಾಲು, ಮೇಲಿನ ಸೂರು ದಣಿಯ ಪಾಲು. ಅಜ್ಜಿಯ ಕಾಲದಿಂದ ಹಾಗೇ ನಡೆದು ಬಂದಿತ್ತು. ಬರವಣಿಗೆ ಏನೂ ಇರಲಿಲ್ಲ. ಇಂಥದಕ್ಕೆಲ್ಲ ಬರವಣಿಗೆ ಯಾಕೆ, ನಂಬಿಕೆ ಇದ್ದರೆ ಸಾಕು ಎಂದು ದೊಡ್ಡಮನೆಯವರು ಹೇಳುತ್ತಿದ್ದರು. ಇವರ ಕಡೆಯಿಂದ ನಂಬಿಕೆ, ಅವರ ಕಡೆಯಿಂದ ಕೊಳೆ ಬಟ್ಟೆ.

ಇಂಗ್ಲೆಂಡಿನ ವೈ ನದಿಯ ಆ ದಂಡೆಯ ಮೇಲೆ ಎರಡು ತಲೆಮಾರಿನಲ್ಲಿ ಎರಡು ಸಲ ಬೆಳಕು ಹರಿಯಿತು. ಮೊದಲು ತಂದೆಗೆ ವಿಚಾರ ಬಂತು. ಆಮೇಲೆ ಮಗನಿಗೆ ಭಾವ ಬಂತು. ಎರಡು ಸಲವೂ ಗುದ್ದಲಿ ಬಂದದ್ದು ಕೂಲಿಯವರ ಅಂಗಳಕ್ಕೆ.

ತಂದೆ ಸರ್ ಗಾಡ್‌ಫ್ರಿ ಡೆಲಾಹೇ ಪ್ಯಾರಿಸ್ಸಿನಿಂದ ಪುಸ್ತಕ ತರಿಸುತ್ತಿದ್ದ. ದೇವರು ಒಬ್ಬ ಗಡಿಯಾರ ಮಾಡುವವನು, ಕೀಲಿ ಕೊಟ್ಟು ಹೋಗಿಬಿಟ್ಟಿದ್ದಾನೆ, ಇನ್ನು ಜಗತ್ತನ್ನು ನಾವೇ ನೋಡಿಕೊಳ್ಳಬೇಕು ಎಂದು ಊಟದ ಮೇಜಿನ ಮೇಲೆ ಹೇಳುತ್ತಿದ್ದ. ನಾವು ಎಂದರೆ ತಾನು. ಮಳೆ ಅಳೆಯಲು ಒಂದು ಕೊಳವೆ ಇಟ್ಟಿದ್ದ, ನಕ್ಷತ್ರ ನೋಡಲು ಇನ್ನೊಂದು ಕೊಳವೆ ಇಟ್ಟಿದ್ದ, ನಡುವೆ ಇದ್ದ ಜನರನ್ನು ನೋಡಲು ಏನೂ ಇಟ್ಟಿರಲಿಲ್ಲ. ಮನುಕುಲ ಎಂದರೆ ಅವನಿಗೆ ಪ್ರಾಣ. ಆ ಮನುಕುಲದ ಹಿತಕ್ಕಾಗಿ ದೊಡ್ಡಮನೆಯ ಬಾಗಿಲಿನಿಂದ ನದಿಯವರೆಗೆ ನಕ್ಷೆಯ ಮೇಲೆ ಒಂದು ನೇರ ಗೆರೆ ಎಳೆದ. ಗೆರೆಯ ದಾರಿಯಲ್ಲಿ ಅಂಡರ್‌ಲೇ ಎಂಬ ಊರಿತ್ತು. ಊರು ಗೆರೆಗೆ ಅಡ್ಡ ಬಂತು ಎಂದು ಅವನು ಹೇಳಿದ. ಗೆರೆಯೇ ಊರಿಗೆ ಅಡ್ಡ ಬಂತು ಎಂದು ಊರಿನವರು ಹೇಳಿದರು, ಆದರೆ ಅವರ ಹತ್ತಿರ ನಕ್ಷೆ ಇರಲಿಲ್ಲ.

ಆಗ ಡಾರ್ಕಸ್ ಅವ್ವ ಹೆಪ್ಸಿಯ ಸೊಂಟದ ಮೇಲಿದ್ದ ಕೂಸು. ಊರು ಗುಡ್ಡದ ಆಚೆ ಹೋಯಿತು, ಬಾವಿ ಮುಚ್ಚಿತು, ಮನೆಗಳಿದ್ದ ಜಾಗದಲ್ಲಿ ಎರಡು ಸಾಲು ಮರ ಬಂದವು. ಬಟ್ಟೆ ಒಗೆಯುವವರ ಮನೆ ಗೆರೆಯಿಂದ ತುಸು ಆಚೆ ಇತ್ತು. ಮೇಲಾಗಿ ವಿಚಾರವಂತರಿಗೂ ಒಗೆದ ಚಾದರ ಬೇಕು. ಹಾಗಾಗಿ ಅದೊಂದು ಉಳಿಯಿತು.

ಡಾರ್ಕಸ್ ಅಲ್ಲೇ ಬೆಳೆದಳು. ಬೂದಿನೀರಿನಲ್ಲಿ ಅದ್ದಿ ಅದ್ದಿ ಅವಳ ಕೈ ಕೆಂಪಗೆ ಬಿರಿದು, ಮದುವೆಯ ದಿನ ಉಂಗುರ ಗೆಣ್ಣಿನಲ್ಲೇ ನಿಂತಿತು. ಗಂಡ ಪ್ರೋಬರ್ಟ್ ಕಲ್ಲಿನ ಗಾಡಿ ಹೊಡೆಯುತ್ತಿದ್ದ. ಬ್ರಿಸ್ಟಲ್ ಬಂದರಿಗೆ ಸರಕು ಇಳಿಸಲು ಹೋದವನನ್ನು ಅರಸನ ನೌಕಾಪಡೆಯವರು ಬಲವಂತದಿಂದ ಹಿಡಿದು ಹಡಗಿಗೆ ತುಂಬಿದರು. ಇಂಗ್ಲೆಂಡಿನವರ ಸ್ವಾತಂತ್ರ್ಯ ಕಾಪಾಡುವ ಯಾವುದೋ ಯುದ್ಧವಂತೆ. ಅವನು ವಾಪಸು ಬರಲಿಲ್ಲ. ಅವ್ವ, ಮಗಳು, ಬಟ್ಟೆ ಬೇಯಿಸುವ ತಾಮ್ರದ ಹಂಡೆ, ಇಷ್ಟೇ ಮನೆಯಲ್ಲಿ ಉಳಿದದ್ದು.

ಸರ್ ಗಾಡ್‌ಫ್ರಿ ಸತ್ತು ಮಗ ಸರ್ ಅಂಬ್ರೋಸ್ ಇಟಲಿಯಿಂದ ಬಂದ. ಅಲ್ಲಿ ಮುರಿದ ಕಂಬಗಳ ಮುಂದೆ ನಿಂತು ಅತ್ತು ಅತ್ತು ಬಂದಿದ್ದ. ಅವನಿಗೆ ನೇರ ಗೆರೆ ಕಂಡರೆ ಆಗುತ್ತಿರಲಿಲ್ಲ. ಅಪ್ಪ ಹಾಕಿಸಿದ ಮರಗಳಲ್ಲಿ ಅರ್ಧ ಕಡಿಸಿದ, ಅಪ್ಪ ನೇರ ಮಾಡಿಸಿದ ಹಳ್ಳವನ್ನು ಮತ್ತೆ ಸೊಟ್ಟ ಮಾಡಿಸಿದ. ಅಪ್ಪನ ಕಾಲದಲ್ಲಿ ನೇರ ಮಾಡಿದ ಕೂಲಿಗಳ ಮಕ್ಕಳೇ ಸೊಟ್ಟ ಮಾಡಲು ಬಂದರು. ಗುಡ್ಡದ ಮೇಲೆ ಹೊಸದಾಗಿ ಒಂದು ಹಳೆಯ ಮಠ ಕಟ್ಟಿಸಿದ: ಮೂರು ಕಮಾನು, ಒಂದು ಅರ್ಧ ಗೋಡೆ, ಗಾಜಿಲ್ಲದ ಕಿಟಕಿ. ಕಟ್ಟುವವರು ಅಭ್ಯಾಸಬಲದಿಂದ ಗೋಡೆಯ ತುದಿಯನ್ನು ಸಮ ಮಾಡಿದ್ದರು, ಬಂದು ನೋಡಿ ಒಡೆಸಿದ. ಅಲ್ಲಿ ಎಂದೂ ಸನ್ಯಾಸಿಗಳಿರಲಿಲ್ಲ. ಆದರೂ ಬೆಳದಿಂಗಳಲ್ಲಿ ಅಲ್ಲಿಗೆ ಹೋಗಿ ಸತ್ತ ಸನ್ಯಾಸಿಗಳಿಗಾಗಿ ನಿಟ್ಟುಸಿರು ಬಿಡುತ್ತಿದ್ದ.

ಒಳ್ಳೆಯ ಮನುಷ್ಯ ಎಂದು ಎಲ್ಲರೂ ಹೇಳುತ್ತಿದ್ದರು. ಗುಬ್ಬಿ ಸತ್ತರೆ ಊಟ ಬಿಡುತ್ತಿದ್ದ. ಫ್ರಾನ್ಸಿನಲ್ಲಿ ಜನ ಎದ್ದಾಗ ಟೋಪಿಗೆ ಮೂರು ಬಣ್ಣದ ರಿಬ್ಬನ್ ಸಿಕ್ಕಿಸಿಕೊಂಡಿದ್ದ. ಅವರು ತಮ್ಮ ದಣಿಗಳ ತಲೆಯನ್ನೂ ತೆಗೆಯುತ್ತಿದ್ದಾರೆಂದು ಸುದ್ದಿ ಬಂದ ಮೇಲೆ ಆ ರಿಬ್ಬನ್ ಪುಸ್ತಕದ ಪುಟ ಗುರುತಿಗೆ ಹೋಯಿತು.

ಅವನ ಕಣ್ಣು ಒಂದು ದಿನ ಹಳ್ಳದ ಪಕ್ಕದ ಮನೆಯ ಮೇಲೆ ಬಿತ್ತು.

ಸೂರು ಆಗಲೇ ಬೆನ್ನು ಮುರಿದ ಮುದಿ ಕುದುರೆಯ ಹಾಗೆ ನಡುವೆ ಕುಸಿದಿತ್ತು. ಗೋಧಿ ಹುಲ್ಲಿನ ಹೊದಿಕೆ ಕೊಳೆತು, ಪಾಚಿ ಕಟ್ಟಿ, ಅದರ ಮೇಲೆ ಎರಡು ಹೂವಿನ ಗಿಡ ಎದ್ದಿದ್ದವು. ಒಲೆಯ ಹೊಗೆ ಹೊಗೆಗೂಡನ್ನು ಬಿಟ್ಟು ಹುಲ್ಲಿನ ತೂತುಗಳಲ್ಲಿ ಎಳೆಎಳೆಯಾಗಿ ಏಳುತ್ತಿತ್ತು. ಹುಲ್ಲು ಹೊದಿಸುವ ಈಲೈ ಗ್ವಿಲಿಮ್ ಏಣಿ ತಂದು ಗೋಡೆಗೆ ಆನಿಸಿದ್ದ ಹೊತ್ತಿಗೆ ಸರ್ ಅಂಬ್ರೋಸ್ ದೂರದಿಂದ ಕೈ ಬೀಸುತ್ತ ಓಡಿಬಂದ. ಅವನು ಓಡಿದ್ದನ್ನು ಅದುವರೆಗೆ ಯಾರೂ ನೋಡಿರಲಿಲ್ಲ. ಬೆಂಕಿ ಬಿದ್ದಿದೆಯೆಂದುಕೊಂಡು ಈಲೈ ಏಣಿಯಿಂದ ಹಾರಿದ.

“ಮುಟ್ಟಬೇಡ,” ಎಂದ ಸರ್ ಅಂಬ್ರೋಸ್, ಏದುಸಿರು ಬಿಡುತ್ತ. “ದೇವರಾಣೆಗೂ ಮುಟ್ಟಬೇಡ. ಇದು ಚಿತ್ರಯೋಗ್ಯವಾಗಿದೆ.”

ಆ ಮಾತಿನ ಅರ್ಥ ಯಾರಿಗೂ ಗೊತ್ತಾಗಲಿಲ್ಲ. ಆದರೆ ಈಲೈ ಏಣಿ ತೆಗೆದುಕೊಂಡು ಹೋಗಬೇಕಾಯಿತು ಎಂಬುದು ಗೊತ್ತಾಯಿತು.

ಎರಡು ಚಳಿಗಾಲ ಕಳೆಯಿತು. ಹೆಪ್ಸಿ ಮುದುಕಿ ಒಲೆ ಪಕ್ಕದ ಮಂಚದಿಂದ ಏಳುವಂತಿರಲಿಲ್ಲ, ಮಂಚ ಸರಿಸಲು ಬೇರೆ ಒಣ ಜಾಗವೂ ಇರಲಿಲ್ಲ. ಮಳೆ ಬಂದಾಗ ಹೊಟ್ಟೆಯ ಮೇಲೆ ಒಂದು ತಗಡಿನ ಬೋಗುಣಿ ಇಟ್ಟುಕೊಂಡು ಮಲಗುತ್ತಿದ್ದಳು.

“ಡಾರ್ಕಸ್, ತುಂಬ್ತು ನೋಡೇ, ಚೆಲ್ಲು.”

“ಬಂದೆ ಇರವ್ವ. ಚಾದರ ಹಿಂಡ್ತಿದೀನಿ.”

“ನಿನ್ನ ದಣಿ ಚಾದರಕ್ಕೆ ಸೂರಿಲ್ಲ, ನನ್ನ ಹೊಟ್ಟೆಗೂ ಸೂರಿಲ್ಲ. ಕೇಳಿಸ್ತಾ ನನ್ನ ಕೆಮ್ಮು? ಇದೂ ಚಿತ್ರಯೋಗ್ಯವೇನೇ? ಹೋಗಿ ಕೇಳ್ಕೊಂಡು ಬಾ. ಹೌದಂದ್ರೆ ಇನ್ನೂ ಜೋರಾಗಿ ಕೆಮ್ತೀನಿ.”

ಒಗೆದ ಬಟ್ಟೆ ಒಳಗೆ ಹಗ್ಗದ ಮೇಲೆ ಒಣಗಬೇಕು. ಸೂರಿನಿಂದ ಇಳಿಯುವ ನೀರು ಹೊಗೆಯ ಮಸಿ ತೊಳೆದುಕೊಂಡು ಕಂದು ಬಣ್ಣಕ್ಕೆ ಬೀಳುತ್ತಿತ್ತು. ಒಂದೊಂದು ಚಾದರವನ್ನೂ ಎರಡು ಸಲ ಒಗೆಯುವ ಪಾಡು. ಇನ್ನೊಂದು ಚಳಿಗಾಲ ಹೀಗೇ ಕಳೆದರೆ ಅವ್ವ ಹೋಗುತ್ತಾಳೆ, ಇಲ್ಲ ಕೆಲಸ ಹೋಗುತ್ತದೆ, ಕೆಲಸದ ಜೊತೆ ಮನೆ ಹೋಗುತ್ತದೆ ಎಂದು ಡಾರ್ಕಸ್‌ಗೆ ಖಾತ್ರಿಯಾಯಿತು. ಬೇಸಿಗೆಯ ಮೊದಲಲ್ಲಿ ಒಂದು ದಿನ ಕೈ ಒರೆಸಿಕೊಂಡು ದಣಿಯನ್ನು ಹುಡುಕಿಕೊಂಡು ಹೊರಟಳು.

ಅವನು ಎದುರು ದಿಬ್ಬದ ಮೇಲೆ, ನೋಟಕ್ಕೆಂದೇ ಹಾಕಿಸಿದ್ದ ಕಲ್ಲು ಬೆಂಚಿನ ಹತ್ತಿರ ನಿಂತಿದ್ದ. ಕೈಯಲ್ಲಿ ಅಂಗೈಯಗಲದ ಕಪ್ಪು ಕನ್ನಡಿ. ಆ ಕಾಲದ ಭಾವವಂತರೆಲ್ಲರ ಜೇಬಿನಲ್ಲೂ ಅದೊಂದು ಇರುತ್ತಿತ್ತು. ಸೊಗಸಾದ ಜಾಗಕ್ಕೆ ಬಂದ ತಕ್ಷಣ ಅದಕ್ಕೆ ಬೆನ್ನು ತಿರುಗಿಸಿ ನಿಂತು, ಕನ್ನಡಿ ಎತ್ತಿ ಹಿಡಿದು, ಅದರೊಳಗೆ ನೋಡುವುದು. ಕಪ್ಪು ಗಾಜಿನಲ್ಲಿ ಎಲ್ಲವೂ ಪುಟ್ಟದಾಗಿ, ಮಬ್ಬಾಗಿ, ಹಳೆಯ ತೈಲಚಿತ್ರದ ಹಾಗೆ ಕಾಣುತ್ತದೆ. ಅಷ್ಟು ದೂರ ಗಾಡಿ ಮಾಡಿಕೊಂಡು ಬಂದು ಬೆನ್ನು ತೋರಿಸುವ ಈ ಪದ್ಧತಿ ಕಂಡು ಊರಿನವರು ಮೊದಮೊದಲು ಇವರಿಗೆ ಕುತ್ತಿಗೆ ನೋವಿರಬೇಕು ಎಂದುಕೊಂಡಿದ್ದರು.

“ಸೂರಿನ ವಿಷ್ಯಕ್ಕೆ ಬಂದಿದ್ದೆ ದಣಿ,” ಎಂದಳು ಡಾರ್ಕಸ್.

“ನಾನೂ ಅದನ್ನೇ ನೋಡ್ತಿದ್ದೆ.” ಸರ್ ಅಂಬ್ರೋಸ್ ಖುಷಿಯಿಂದ ಕನ್ನಡಿ ಅವಳ ಕೈಗೆ ಕೊಟ್ಟ. “ತಗೋ, ನೀನೇ ನೋಡು. ಹಾಗಲ್ಲ. ಮನೆ ಕಡೆ ಬೆನ್ನು ಮಾಡು. ಹಾಂ. ಏನು ಕಾಣುತ್ತೆ?”

“ನಮ್ಮನೆ.”

“ಹೇಗೆ ಕಾಣುತ್ತೆ?”

“ಸಣ್ಣದಾಗಿ ಕಾಣ್ತದೆ. ತೂತೇ ಕಾಣಲ್ಲ.”

“ನೋಡಿದೆಯಾ? ಕಲೆ ಅಂದರೆ ಅದೇ.”

“ಒಳಗೆ ಮಲಗಿದ್ರೆ ಕಾಣ್ತವೆ ದಣಿ. ನಮ್ಮವ್ವ ದಿನಾ ನೋಡ್ತಾಳೆ. ಕರಾರಿನಲ್ಲಿ ಸೂರು ನಿಮ್ಮದು.”

“ನನ್ನದೇ. ಅದಕ್ಕೇ ಅದನ್ನ ಕಾಪಾಡ್ತಿದೀನಿ.” ಅವನು ಕಲ್ಲು ಬೆಂಚಿನ ಮೇಲೆ ಕೂತ. ಅವಳಿಗೆ ಕೂರು ಎನ್ನುವಷ್ಟು ಭಾವ ಇನ್ನೂ ಬೆಳೆದಿರಲಿಲ್ಲ. “ಡಾರ್ಕಸ್, ಹೊಸ ಹುಲ್ಲು ಹಾಕಿದರೆ ಏನಾಗುತ್ತೆ ಗೊತ್ತಾ? ಹಳದಿ. ಬೆಣ್ಣೆ ಮುದ್ದೆ ಹಾಗೆ ಹಳದಿ. ಆ ಕಾಡು, ಆ ಮಠ, ಆ ನೀರು, ಎಲ್ಲ ಹಾಳಾಗಿಹೋಗುತ್ತೆ. ಆ ಪಾಚಿ ಕಾಲ ತನ್ನ ಕೈಯಾರೆ ಬಳಿದ ಬಣ್ಣ. ಅದನ್ನ ಕಿತ್ತುಹಾಕು ಅಂತೀಯಲ್ಲ, ನಿನಗೆ ಹೃದಯ ಇಲ್ವಾ?”

“ಹೃದಯ ಇದೆ ದಣಿ. ನೆಗಡಿಯೂ ಇದೆ.”

“ನಿನಗೆ ನಿನ್ನ ಭಾಗ್ಯ ಗೊತ್ತಿಲ್ಲ,” ಎಂದ ಸರ್ ಅಂಬ್ರೋಸ್, ನಿಜವಾದ ಅಸೂಯೆಯಿಂದ. “ಪ್ರಕೃತಿಯ ಮಡಿಲಲ್ಲಿದೀಯ. ನಾನೋ, ಆ ಬೆಚ್ಚಗಿನ ಕೋಣೆಗಳಲ್ಲಿ ಕೊಳೀಬೇಕು.”

ಅದಲು ಬದಲು ಮಾಡಿಕೊಳ್ಳೋಣ ಎಂಬ ಮಾತು ಅವಳ ನಾಲಗೆಯ ತುದಿಯವರೆಗೆ ಬಂತು. ನುಂಗಿಕೊಂಡು ವಾಪಸಾದಳು.

ಅದೇ ತಿಂಗಳು ಸರ್ ಅಂಬ್ರೋಸ್ ಪ್ರವಾಸ ಹೊರಟ. ಉತ್ತರದ ಸರೋವರಗಳ ಕಡೆ ಇನ್ನೂ ಒಳ್ಳೆಯ ಮುರುಕು ಮನೆಗಳಿವೆಯೆಂದು ಕೇಳಿದ್ದನಂತೆ. ಪಾರುಪತ್ಯಗಾರ ಸ್ಕರ್ಮ್ ಅವನ ಜೊತೆ ಗಾಡಿ ಏರಿದ. ಗಾಡಿಯ ಧೂಳು ಇಳಿಯುವ ಮುಂಚೆ ಡಾರ್ಕಸ್ ಗುಡ್ಡ ದಾಟಿ ಈಲೈನ ಅಂಗಳದಲ್ಲಿ ನಿಂತಿದ್ದಳು.

“ಆಗಲ್ಲ ಡಾರ್ಕಸಕ್ಕ,” ಎಂದ ಈಲೈ, ಸೇಬಿನ ಹೆಂಡದ ಲೋಟ ಕೆಳಗಿಟ್ಟು. “ಹೊಸ ಹುಲ್ಲು ಹಾಕಿದ್ರೆ ಮೂರು ಮೈಲಿ ದೂರದಿಂದ ಹೊಳೀತದೆ. ಸ್ಕರ್ಮ್ ನನ್ನ ಏಣಿ ಮುರಿದು ಒಲೆಗಿಡ್ತಾನೆ.”

“ಹೊಳೀದ ಹಾಗೆ ಹಾಕು.”

“ಹೊಳೀದ ಹುಲ್ಲು ಎಲ್ಲಿಂದ ತರ್ಲಿ?”

“ಮೇಲಿರೋ ಪಾಚಿ ಪದರ ಕಂಬಳಿ ಹಾಗೆ ಸುರುಳಿ ಸುತ್ತಿ ಇಳಿಸು. ಕೆಳಗೆ ಹೊಸಾದು ಹಾಕು. ಅದರ ಮೇಲೆ ಹಳೇ ಕಂಬಳಿ ಹೊದಿಸು. ದಣಿ ಹೊಸ ಕಲ್ಲಲ್ಲಿ ಹಳೇ ಮಠ ಕಟ್ಟಿಸಿಲ್ವಾ? ನನಗೊಂದು ಹಾಳು ಮನೆ ಕಟ್ಟಿಕೊಡು, ಒಳಗೆ ಬೆಚ್ಚಗಿರೋದು.”

ಈಲೈ ಅವಳನ್ನು ನೋಡಿದ, ಲೋಟ ನೋಡಿದ, ಮತ್ತೆ ಅವಳನ್ನು ನೋಡಿದ. “ಇಷ್ಟು ವರ್ಷ ಸೂರು ಹಾಕಿದೀನಿ. ನೋಡೋರು ಈಲೈ ಹಾಕಿದ್ದು ಅನ್ನಬೇಕು ಅಂತ ಹಾಕಿದೀನಿ. ಕೊಳೆತ ಹಾಗೆ ಕಾಣೋ ಸೂರು ಹಾಕು ಅಂತ ಇವತ್ತಿನವರೆಗೂ ಯಾರೂ ಕೇಳಿಲ್ಲ ಕಣಕ್ಕ.”

“ಮರ್ಯಾದೆ ಹೋಗ್ತದಾ?”

“ಹೋಗ್ತದೆ. ಚಳಿಗಾಲ ಪೂರ್ತಿ ನಮ್ಮನೆ ಬಟ್ಟೆ ಒಗೆದುಕೊಡ್ತೀಯ ಅಂದ್ರೆ ಹೋಗ್ಲಿ ಬಿಡು.”

ಗುಡ್ಡದ ಆಚೆಯ ಹೆಂಗಸರು ಹುಲ್ಲಿನ ಕಟ್ಟು ಹೊತ್ತು ತಂದರು. ಅವರಿಗೂ ಸರ್ ಗಾಡ್‌ಫ್ರಿಯ ಗೆರೆ ನೆನಪಿತ್ತು. ಈಲೈ ಪಾಚಿಯ ಪದರವನ್ನು ಹಸುಗೂಸನ್ನು ಎತ್ತುವ ಹಾಗೆ ಎತ್ತಿ ಇಳಿಸಿದ. ಮುರಿದ ಜಂತಿಗೆ ಪಕ್ಕದಲ್ಲಿ ಗಟ್ಟಿ ಓಕ್ ಕಂಬ ಕೊಟ್ಟ. ನಡುವಿನ ಕುಸಿತವನ್ನು ಬೇಕೆಂದೇ ಹಾಗೇ ಬಿಟ್ಟ. ಹೊಸ ಹುಲ್ಲನ್ನು ಮೊಣಕೈ ಉದ್ದ ದಪ್ಪಕ್ಕೆ ಹೊದಿಸಿ, ಮೇಲೆ ಹಳೆಯದನ್ನು ಹರಡಿ ಗೂಟ ಹೊಡೆದ. ಎರಡು ಹೂವಿನ ಗಿಡಗಳನ್ನೂ ಇದ್ದ ಜಾಗದಲ್ಲೇ ನೆಟ್ಟ. ಕೆಳಗಿಳಿದು ದೂರ ನಿಂತು ನೋಡಿ, “ಥೂ, ಎಷ್ಟು ಅಸಹ್ಯವಾಗಿದೆ,” ಎಂದ. ಅದು ಅವನು ತನಗೆ ತಾನೇ ಕೊಟ್ಟುಕೊಂಡ ಶಹಬ್ಬಾಸ್.

ಸರ್ ಅಂಬ್ರೋಸ್ ವಾಪಸಾದ. ದಿಬ್ಬ ಹತ್ತಿ, ಬೆನ್ನು ತಿರುಗಿಸಿ, ಕನ್ನಡಿಯಲ್ಲಿ ನೋಡಿದ. ತೃಪ್ತಿಯಾಯಿತು. ಉತ್ತರದಲ್ಲೂ ಇಷ್ಟು ಸೊಗಸಾಗಿ ಕೊಳೆತ ಮನೆ ಕಾಣಲಿಲ್ಲವೆಂದು ಸ್ಕರ್ಮ್ ಹತ್ತಿರ ಹೇಳಿದನಂತೆ.

ಶರತ್ಕಾಲದ ಮಳೆ ಹಿಡಿಯಿತು. ಒಂದು ಹನಿ ಒಳಗೆ ಬರಲಿಲ್ಲ. ಚಾದರಗಳು ಹಗ್ಗದ ಮೇಲೆ ಬೆಳ್ಳಗೆ ಒಣಗಿದವು. ಹೆಪ್ಸಿ ಮುದುಕಿ ಬೋಗುಣಿಯನ್ನು ಹೊಟ್ಟೆಯಿಂದ ಇಳಿಸಲು ನಾಲ್ಕು ದಿನ ಒಪ್ಪಲಿಲ್ಲ.

“ಅಭ್ಯಾಸ ಆಗಿಹೋಗಿದೆ ಕಣೇ. ಟಣ್ ಟಣ್ ಅನ್ನದೆ ನಿದ್ದೆ ಬರಲ್ಲ.”

“ಹಂಗಾದ್ರೆ ಈಲೈನ ಕರೆಸಿ ಒಂದು ತೂತು ಹಾಕಿಸ್ಲಾ?”

“ಬಾಯ್ಮುಚ್ಚೆ,” ಎಂದು ಮುದುಕಿ ಗೋಡೆ ಕಡೆ ತಿರುಗಿ ಗೊರಕೆ ಹೊಡೆದಳು.

ಇದೆಲ್ಲ ಹೀಗೇ ನಡೆದುಹೋಗುತ್ತಿತ್ತು. ಆದರೆ ಆ ತಿಂಗಳ ಕೊನೆಗೆ ದೊಡ್ಡಮನೆಗೆ ಅತಿಥಿಗಳು ಬಂದರು. ಅವರಲ್ಲಿ ಚಿತ್ರ ಬರೆಯುವ ಮಿಸ್ ಲವೀನಿಯಾ ಥೊರಾಲ್ಡ್ ಕೂಡ ಇದ್ದಳು. ಹಿಂದಿನ ವಸಂತದಲ್ಲಿ ಅವಳು ಇದೇ ಮನೆಯನ್ನು ಪೆನ್ಸಿಲಿನಲ್ಲಿ ಗೀಚಿಕೊಂಡು ಹೋಗಿದ್ದಳು. ಈಗ ಬಣ್ಣ ತುಂಬಲು ಬಂದಿದ್ದಳು. ದಿಬ್ಬದ ಮೇಲೆ ಕೂತು, ಗೀಚಿದ್ದನ್ನು ನೋಡಿ, ಕನ್ನಡಿ ನೋಡಿ, ಮತ್ತೆ ಗೀಚಿದ್ದನ್ನು ನೋಡಿ ಮುಖ ಸಣ್ಣ ಮಾಡಿದಳು.

“ಹೊಗೆ ಎಲ್ಲಿ?” ಎಂದು ಕೇಳಿದಳು.

ಹೊಗೆ ಹೊಗೆಗೂಡಿನಿಂದ ಎದ್ದು ಎಲ್ಲ ಮನೆಗಳ ಹೊಗೆಯ ಹಾಗೆ ನೆಟ್ಟಗೆ ಹೋಗುತ್ತಿತ್ತು. ಸೂರಿನ ಮೈಯಿಂದ ಮೂರು ಕಡೆ ಎಳೆಎಳೆಯಾಗಿ ಸೋರುತ್ತಿದ್ದ ನೀಲಿ ಹೊಗೆ ಇರಲಿಲ್ಲ. ಡಾರ್ಕಸ್ ಪಾಚಿ ನೆನಪಿಟ್ಟಿದ್ದಳು, ಕುಸಿತ ನೆನಪಿಟ್ಟಿದ್ದಳು, ಹೂವಿನ ಗಿಡ ನೆನಪಿಟ್ಟಿದ್ದಳು. ಗಟ್ಟಿ ಸೂರಿನಲ್ಲಿ ಹೊಗೆ ಸೋರುವುದಿಲ್ಲ ಎಂಬುದೊಂದನ್ನು ಮರೆತಿದ್ದಳು.

ಸರ್ ಅಂಬ್ರೋಸ್ ಅಂದು ಮೊದಲ ಬಾರಿಗೆ ಆ ಮನೆಯ ಒಳಗೆ ಕಾಲಿಟ್ಟ. ಬಾಗಿಲಿಗೆ ಹಣೆ ಬಡಿಸಿಕೊಂಡ. ತಲೆ ಎತ್ತಿ ನೋಡಿದ. ಒಳಗಿನಿಂದ ಸೂರು ಹೊಚ್ಚ ಹೊಸ ಹಳದಿ. ಬೆಣ್ಣೆ ಮುದ್ದೆ.

ಅವನು ಬೈಯಲಿಲ್ಲ. ಬೈದಿದ್ದರೆ ಡಾರ್ಕಸ್‌ಗೆ ಬೈಸಿಕೊಂಡು ಅಭ್ಯಾಸವಿತ್ತು. ಅವನ ಕಣ್ಣಲ್ಲಿ ನೀರು ಬಂತು.

“ನನಗೆ ಮೋಸ ಮಾಡಿಬಿಟ್ಟೆ ಡಾರ್ಕಸ್.”

“ಮೋಸ ಏನು ಬಂತು ದಣಿ. ನೀವು ನೋಡೋ ಕಡೆ ಎಲ್ಲ ಹಂಗೇ ಇದೆ. ನಾವು ಮಲಗೋ ಕಡೆ ಮಾತ್ರ ಹೊಸಾದು.”

“ಅದು ಹಳೇದಲ್ಲ. ಹಳೇದರ ವೇಷ.”

“ಗುಡ್ಡದ ಮೇಲಿನ ಮಠ?”

“ಅದು ಕಲೆ.”

“ಇದು?”

“ಇದು ಸುಳ್ಳು,” ಎಂದು ಸರ್ ಅಂಬ್ರೋಸ್ ಕರವಸ್ತ್ರದಿಂದ ಕಣ್ಣೊರೆಸಿಕೊಂಡ. ಆ ಕರವಸ್ತ್ರವನ್ನೂ ಅವಳೇ ಒಗೆದದ್ದು.

ಮಂಚದಿಂದ ಹೆಪ್ಸಿ ಕೇಳಿದಳು: “ಯಾರೇ ಅದು ಅಳ್ತಿರೋದು?”

“ದಣಿ ಅವ್ವಾ.”

“ಯಾಕಂತೆ? ಅವರ ಮನೇನೂ ಸೋರ್ತದಾ?”

ಮರುದಿನ ಪಾರುಪತ್ಯಗಾರ ಸ್ಕರ್ಮ್ ಉದ್ದನೆಯ ಗಳ ಹಿಡಿದ ಇಬ್ಬರು ಆಳುಗಳ ಜೊತೆ ಬಂದ. ಕೈಯಲ್ಲಿ ಮಿಸ್ ಥೊರಾಲ್ಡಳ ಪೆನ್ಸಿಲ್ ಚಿತ್ರ. ಅದರಲ್ಲಿ ಹೊಗೆ ಎಲ್ಲೆಲ್ಲಿ ಏಳುತ್ತದೋ ಅಲ್ಲಲ್ಲಿ ಸೂರಿಗೆ ತೂತು ಹಾಕಬೇಕೆಂದು ಅಪ್ಪಣೆಯಾಗಿತ್ತು. ಮನೆ ನೋಡಿ ಚಿತ್ರ ಬರೆಯುವುದು ಲೋಕದ ರೂಢಿ. ಹೇಕೋಟಿನಲ್ಲಿ ಚಿತ್ರ ನೋಡಿ ಮನೆ ತಿದ್ದಿದರು. ಸ್ಕರ್ಮ್ ಚಿತ್ರವನ್ನು ಎತ್ತಿ ಹಿಡಿದು, ಒಂದು ಕಣ್ಣು ಮುಚ್ಚಿ, “ಹೊಗೆಗೂಡಿನ ಎಡಕ್ಕೆ,” ಎಂದ. ಗಳ ಮೇಲೆದ್ದಿತು.

“ಚುಚ್ಚಿ,” ಎಂದಳು ಡಾರ್ಕಸ್ ಬಾಗಿಲಲ್ಲಿ ನಿಂತು. “ಚುಚ್ಚೋ ಮುಂಚೆ ಒಳಗೊಂದ್ಸಲ ಇಣುಕಿ ನೋಡಿ.”

ಸ್ಕರ್ಮ್ ಇಣುಕಿದ. ಗೋಡೆಯಿಂದ ಗೋಡೆಗೆ ಹಗ್ಗ. ಹಗ್ಗದ ತುಂಬ ದೊಡ್ಡಮನೆಯ ಚಾದರ, ದಿಂಬಿನ ಚೀಲ, ಸರ್ ಅಂಬ್ರೋಸನ ಕುಚ್ಚಿನ ಅಂಗಿಗಳು, ಮಿಸ್ ಥೊರಾಲ್ಡಳ ಒಳಲಂಗ. ಅತಿಥಿಗಳೆಲ್ಲರದೂ ಸೇರಿ ಇಡೀ ದೊಡ್ಡಮನೆಯ ಬಟ್ಟೆ ಆ ಒಂದು ಸೂರಿನ ಕೆಳಗಿತ್ತು. ಅವರ ಹತ್ತಿರ ಮೈಮೇಲಿರುವುದು ಬಿಟ್ಟರೆ ಹೆಚ್ಚೇನೂ ಉಳಿದಿರಲಿಲ್ಲ. ಹೊರಗೆ ಮಳೆ ಜಿನುಗುತ್ತಿತ್ತು. ಒಂದು ತೂತು ಬಿದ್ದರೆ ಮಸಿ ನೀರು ಎಲ್ಲಿಗೆ ಇಳಿಯುತ್ತದೆಂದು ಸ್ಕರ್ಮ್‌ಗೂ ಅರ್ಥವಾಯಿತು.

“ಇವನ್ನ ತೆಗಿ,” ಎಂದ.

“ಒಣಗಿದ ಮೇಲೆ ತೆಗೀತೀನಿ ಸ್ವಾಮಿ.”

“ಯಾವಾಗ ಒಣಗ್ತವೆ?”

“ಸೂರು ಗಟ್ಟಿ ಇದ್ರೆ ಬೇಗ ಒಣಗ್ತವೆ. ಸೂರಿನ ಬಗ್ಗೆ ದಣಿ ಒಂದು ಮಾತು ಕೊಟ್ಟುಬಿಟ್ರೆ ಇನ್ನೂ ಬೇಗ ಒಣಗ್ತವೆ. ಮುಟ್ಟಲ್ಲ ಅಂತ ಅವರೇ ಬಂದು ಹೇಳ್ಲಿ, ಸಾಯಂಕಾಲಕ್ಕೆ ಇಸ್ತ್ರಿ ಮಾಡಿ ನಾನೇ ಹೊತ್ಕೊಂಡು ಬರ್ತೀನಿ.”

“ನಾವೇ ಕಿತ್ತುಕೊಂಡು ಹೋದ್ರೆ?”

“ಹೋಗಿ. ಒದ್ದೆ ಬಟ್ಟೆ, ಕೆಸರು ದಾರಿ, ನಿಮ್ಮ ಆಳುಗಳ ಕೈ ನೋಡಿದೀರಾ? ಒಳಲಂಗದ ಮೇಲೆ ಬೆರಳಚ್ಚು ಮೂಡಿದ್ರೆ ಮಿಸ್ ಅಮ್ಮಾವ್ರಿಗೆ ನೀವೇ ಉತ್ತರ ಹೇಳ್ಕೊಳ್ಳಿ.”

ಆಳುಗಳಲ್ಲೊಬ್ಬ ನಕ್ಕ. ಸ್ಕರ್ಮ್ ಅವನ ಕಡೆ ತಿರುಗುವಷ್ಟರಲ್ಲಿ ಗಳವನ್ನು ಗೋಡೆಗೆ ಆನಿಸಿ ಮೂಗು ಸೀಟುತ್ತ ನಿಂತಿದ್ದ.

ಮಳೆ ನಿಲ್ಲಲಿಲ್ಲ, ಬಟ್ಟೆ ಒಣಗಲಿಲ್ಲ. ಅಂದರೆ ಒಣಗಿದವು, ಆದರೆ ಡಾರ್ಕಸ್ ಪ್ರತಿ ಬೆಳಿಗ್ಗೆ ಅವುಗಳ ಮೇಲೆ ನೀರು ಚಿಮುಕಿಸುತ್ತಿದ್ದಳು. ಅತ್ತ ದೊಡ್ಡಮನೆಯಲ್ಲಿ ಆತ್ಮದ ಬಗ್ಗೆ, ಅನಂತದ ಬಗ್ಗೆ ಮಾತು ಕಡಿಮೆಯಾಗಿ ತುರಿಕೆಯ ಬಗ್ಗೆ ಮಾತು ಹೆಚ್ಚಾಯಿತು. ಪ್ರಕೃತಿಯ ಮಡಿಲಿಗೆ ಮರಳಬೇಕೆನ್ನುತ್ತಿದ್ದ ಅತಿಥಿಗಳು ಬರೀ ಉಣ್ಣೆ ಕಂಬಳಿಯಲ್ಲಿ ಎರಡು ರಾತ್ರಿ ಮಲಗಿ ಎದ್ದು ಗಾಡಿ ಹೂಡಿಸಿದರು. ಗುಡ್ಡದ ಆಚೆಯ ಹೆಂಗಸರನ್ನು ಬಟ್ಟೆ ಒಗೆಯಲು ಕರೆದಾಗ ಎಲ್ಲರಿಗೂ ಒಂದೇ ಸಲ ಸೊಂಟ ಹಿಡಿದಿತ್ತು. ವೈದ್ಯಶಾಸ್ತ್ರದಲ್ಲಿ ಇಂಥದು ಅಪರೂಪ.

ಕೊನೆಗೆ ಸರ್ ಅಂಬ್ರೋಸ್ ಮಾತು ಕೊಟ್ಟ. ಸೂರು ಮುಟ್ಟುವುದಿಲ್ಲವೆಂದು ಬಾಗಿಲಲ್ಲಿ ನಿಂತು, ಎದೆಯ ಮೇಲೆ ಕೈಯಿಟ್ಟು ಹೇಳಿದ. ಡಾರ್ಕಸ್ ಅಂದೇ ಇಸ್ತ್ರಿ ಮಾಡಿ, ಒಂದು ಗೆರೆ ಸುಕ್ಕಿಲ್ಲದ ಹಾಗೆ ಮಡಿಸಿ, ಬುಟ್ಟಿ ಹೊತ್ತು ಕೊಟ್ಟು ಬಂದಳು. ಬಟ್ಟೆ ಬೀರು ಸೇರಿದ ಮರುವಾರ ಸ್ಕರ್ಮ್ ಬಂದು, ಮಾರ್ಚಿನಲ್ಲಿ ಗೇಣಿ ಮುಗಿಯುವ ದಿನ ಮನೆ ಖಾಲಿ ಮಾಡಬೇಕೆಂದು ಹೇಳಿಹೋದ. ಕೊಟ್ಟ ಮಾತಿಗೆ ತಪ್ಪಿದ್ದೇನೂ ಇಲ್ಲ. ಸೂರು ಮುಟ್ಟುವುದಿಲ್ಲ ಎಂದಿದ್ದರು, ಮುಟ್ಟಲಿಲ್ಲ. ಕೆಳಗಿದ್ದವರ ಬಗ್ಗೆ ಏನೂ ಹೇಳಿರಲಿಲ್ಲ. ಬಟ್ಟೆ ಕೈಯಲ್ಲಿದ್ದಾಗ ಪೂರ್ತಿ ಮಾತು ಆಡಿಸಿಕೊಳ್ಳಬೇಕಿತ್ತೆಂದು ಡಾರ್ಕಸ್ ಆಮೇಲೆ ಬಾಳಿಡೀ ಹೇಳುತ್ತಿದ್ದಳು.

ಈಲೈನ ಗಾಡಿಯಲ್ಲಿ ಹೊರಟರು. ತಾಮ್ರದ ಹಂಡೆ, ಮಂಚ, ಮಂಚದ ಮೇಲೆ ಮುದುಕಿ, ಮುದುಕಿಯ ತೊಡೆಯ ಮೇಲೆ ಬೋಗುಣಿ.

“ಹಿಂದಿನ ಸಲ ಊರನ್ನ ಗೆರೆ ಎಳೆದು ಓಡಿಸಿದ್ರು,” ಎಂದಳು ಹೆಪ್ಸಿ. “ಈ ಸಲ ನಮ್ಮನ್ನ ಹೊಗೆ ನೋಡಿ ಓಡಿಸಿದ್ರು. ಮುಂದಿನ ಸಲ ಏನಂತೆ ಕೇಳೇ.”

ಬೆಟ್ಟದ ಆಚೆ, ವೇಲ್ಸಿನ ಕಡೆ, ಕಬ್ಬಿಣ ಕರಗಿಸುವ ಊರೊಂದರಲ್ಲಿ ನೆಲೆನಿಂತರು. ಒಂದೇ ಅಚ್ಚಿನ ಸಾಲುಮನೆಗಳು, ಕಪ್ಪು ಕಲ್ಲಿನ ಹಲಗೆಯ ಚಾವಣಿ, ಆಕಾಶದ ತುಂಬ ಮಸಿ. ಬಾಡಿಗೆ ಹೆಚ್ಚು, ನೀರು ದೂರ, ಕುಲುಮೆಯ ಒಡೆಯರು ಹೇಕೋಟಿನವರಿಗಿಂತ ಒಳ್ಳೆಯವರೇನೂ ಅಲ್ಲ. ಆದರೆ ಚಾವಣಿ ಸೋರುತ್ತಿರಲಿಲ್ಲ. ಆ ಸಾಲುಮನೆಗಳ ಚಿತ್ರವನ್ನು ಯಾರೂ ಬರೆಯಲಿಲ್ಲ. ಹೆಪ್ಸಿ ಅಲ್ಲಿ ಇನ್ನೂ ಆರು ಚಳಿಗಾಲ ಬದುಕಿ, ಒಣ ಹಾಸಿಗೆಯಲ್ಲಿ, ಯಾರನ್ನೋ ಬೈಯುತ್ತ ಸತ್ತಳು.

ಡಾರ್ಕಸ್ ಕುಲುಮೆಯ ಗುಮಾಸ್ತರ ಮನೆಗಳ ಬಟ್ಟೆ ಒಗೆದಳು. ದುಡ್ಡು ಕೈಗೆ ಬರುವ ತನಕ ಬಟ್ಟೆ ಕೈ ಬಿಡಬಾರದೆಂಬ ಪಾಠವನ್ನು ಅಲ್ಲಿನ ಹೆಂಗಸರಿಗೆಲ್ಲ ಕಲಿಸಿದಳು. ಆ ಬೀದಿಯಲ್ಲಿ ಈಗಲೂ ಯಾರಾದರೂ ಕೂಲಿ ಮುಂದೂಡಿದರೆ, “ಇನ್ನೂ ಒಣಗಿಲ್ಲ,” ಎನ್ನುತ್ತಾರೆ.

ಅತ್ತ ಹೇಕೋಟಿನಲ್ಲಿ ಖಾಲಿ ಮನೆ ತನ್ನ ಪಾಡಿಗೆ ತಾನು ನಿಂತಿತ್ತು. ಒಲೆ ಉರಿಯದ ಮೇಲೆ ಹೊಗೆಯೇ ಇಲ್ಲ. ನೋಟದಲ್ಲಿ ಜೀವವಿಲ್ಲವೆಂದು ಸರ್ ಅಂಬ್ರೋಸ್ ಕೊರಗಿದ. ಅತಿಥಿಗಳು ದಿಬ್ಬ ಹತ್ತುವ ಹೊತ್ತಿಗೆ ಖಾಲಿ ಒಲೆಯಲ್ಲಿ ಹಸಿ ಸೌದೆ ಉರಿಸಲು ಒಬ್ಬ ಆಳನ್ನು ಇಟ್ಟ. ಸೂರಿಗೆ ಹಣವಿರಲಿಲ್ಲ, ಹೊಗೆಗೆ ಸಂಬಳ ಬಂತು. ಅದೂ ಸಾಲದೆ ಸ್ಕರ್ಮ್ ಒಂದು ದಿನ ಕಬ್ಬಿಣದ ಊರಿಗೆ ಬಂದು ಡಾರ್ಕಸಳ ಬಾಗಿಲು ತಟ್ಟಿದ.

“ದಣಿಗಳು ಮರೆತಿಲ್ಲ ನಿನ್ನ,” ಎಂದ. “ಬೇಸಿಗೆ ಪೂರ್ತಿ ಬಂದು ಬಾಗಿಲಲ್ಲಿ ಕೂತ್ಕೊಂಡ್ರೆ ಸಾಕು. ಕೆಂಪು ಶಾಲು ಅವರೇ ಕೊಡ್ತಾರೆ. ಹಸಿರಿನ ಮಧ್ಯೆ ಒಂದು ಕೆಂಪು ಚುಕ್ಕೆ ಬೇಕಂತೆ.”

“ಒಗೆಯೋದು ಬೇಡ್ವಾ?”

“ಬೇಡ. ಸುಮ್ನೆ ಕೂರೋದು. ಮುಖ ಸ್ವಲ್ಪ ಸಂತೃಪ್ತಿಯಾಗಿ ಇಟ್ಕೊಂಡ್ರೆ ಆಯ್ತು.”

“ಸೂರು ಹಾಕಿಸಿದಾರಾ?”

ಸ್ಕರ್ಮ್ ಟೋಪಿಯ ಅಂಚು ತಿರುವಿದ. “ಅದೊಂದು ಬಿಟ್ಟು ಏನು ಬೇಕಾದ್ರೂ ಕೇಳು. ನಿಮ್ಮ ಹೊಸ ಹುಲ್ಲು ಕೀಳಿಸಿದ್ದಾಯ್ತು. ನೀನು ಬಿಟ್ಟುಹೋದ ಮೇಲೆ ಮುಟ್ಟಬಾರದು ಅನ್ನೋ ಮಾತು ಲೆಕ್ಕಕ್ಕೆ ಬರಲ್ಲವಲ್ಲ.”

“ಹಂಗಾದ್ರೆ ನನ್ನ ಮುಖ ಸಂತೃಪ್ತಿಯಾಗಲ್ಲ ಅಂತ ಹೇಳಿ,” ಎಂದು ಅವಳು ಬಾಗಿಲು ಹಾಕಿಕೊಂಡಳು.

ಅವಳು ಹೋಗಲಿಲ್ಲವೆಂದು ಚಿತ್ರವೇನೂ ನಿಲ್ಲಲಿಲ್ಲ. ಮಿಸ್ ಥೊರಾಲ್ಡ್ ತಾನೇ ಕೆಂಪು ಚುಕ್ಕೆ ಇಟ್ಟುಕೊಂಡಳು. ‘ಸಂತೃಪ್ತಿಯ ಗುಡಿಸಲು’ ಎಂಬ ಹೆಸರಲ್ಲಿ ಅದು ಅಚ್ಚಾಗಿ, ಬಣ್ಣ ಬಳಿಸಿಕೊಂಡು, ಊರೂರಿನ ಅಂಗಡಿಗಳಲ್ಲಿ ಮಾರಾಟವಾಯಿತು. ಕುಲುಮೆಯ ಗುಮಾಸ್ತನ ಮನೆಯ ಗೋಡೆಗೂ ಒಂದು ಪ್ರತಿ ಬಂತು. ಬಟ್ಟೆ ಕೊಡಲು ಹೋದ ಡಾರ್ಕಸ್ ಅದರ ಮುಂದೆ ಬುಟ್ಟಿ ಇಳಿಸಿ ನಿಂತಳು.

“ಚೆನ್ನಾಗಿದೆ ಅಲ್ವಾ,” ಎಂದಳು ಗುಮಾಸ್ತನ ಹೆಂಡತಿ. “ಇಂಥ ಕಡೆ ಇರೋಕೂ ಪುಣ್ಯ ಮಾಡಿರಬೇಕು.”

“ಇದರ ಕೆಳಗೆ ನಮ್ಮವ್ವ ಮಲಗ್ತಿದ್ಲು ಅಮ್ಮಾವ್ರೆ.” ಡಾರ್ಕಸ್ ಹೊಗೆ ಏಳುವ ಜಾಗದ ಮೇಲೆ ಬಿರಿದ ಬೆರಳಿಟ್ಟಳು. “ಇಲ್ಲಿ, ಹೊಟ್ಟೆ ಮೇಲೆ ಬೋಗುಣಿ ಇಟ್ಕೊಂಡು.”

“ಅಯ್ಯೋ, ಎಂಥ ಮನಕಲಕೋ ಮಾತು.” ಆಯಮ್ಮನ ಕಣ್ಣು ಒದ್ದೆಯಾಯಿತು.

“ಕಣ್ಣೀರು ಆಮೇಲೆ ಹಾಕಿ ಅಮ್ಮಾವ್ರೆ. ಚಿತ್ರ ದುಡ್ಡು ಕೊಟ್ಟು ಕೊಂಡ್ರಲ್ಲ, ಸೂರು ಯಾವಾಗ ಹಾಕಿಸ್ತೀರಿ?”

ಅಲ್ಲಿಂದ ಮುಂದೆ ಆ ಚಿತ್ರ ಎಲ್ಲಿ ಕಂಡರೂ, ಯಾರ ಮನೆಯ ಗೋಡೆಯಾದರೂ, ಅವಳು ಅದೇ ಪ್ರಶ್ನೆ ಕೇಳಿದಳು. ಕೆಲವರು ನಕ್ಕರು, ಕೆಲವರು ಬಟ್ಟೆ ಕೊಡುವುದನ್ನು ನಿಲ್ಲಿಸಿದರು. ಸೂರು ಯಾರೂ ಹಾಕಿಸಲಿಲ್ಲ. ಕೇಳುತ್ತಲೇ ಸತ್ತಳು.

ನಿಮ್ಮ ಗೋಡೆಯ ಮೇಲೂ ಒಂದು ಗುಡಿಸಲಿದೆ. ಹಸಿರಿನ ನಡುವೆ, ಬಾಗಿದ ಸೂರು, ಎಳೆಎಳೆ ಹೊಗೆ, ಬಾಗಿಲಲ್ಲಿ ಕೆಂಪು ಸೆರಗಿನ ಹೆಂಗಸು. ಬಂದವರಿಗೆ ತೋರಿಸಿ ಎಷ್ಟು ಚೆನ್ನಾಗಿದೆ ಎನ್ನುತ್ತೀರಿ. ಆ ಮನೆ ಎಲ್ಲಿದೆಯೆಂದು ಮೊದಲು ಪತ್ತೆ ಮಾಡಿ. ಏಣಿ ಹೊತ್ತುಕೊಂಡು ಹೋಗಿ ಸೂರು ಹಾಕಿಸಿ. ಅದು ಆಗದಿದ್ದರೆ ಇವತ್ತೇ ಆ ಚಿತ್ರವನ್ನು ಮೊಳೆಯಿಂದ ಇಳಿಸಿ.